ಬಿದ್ದವಳು ಅಕ್ಕ, ಎದ್ದವಳು ನಾನು

ನಾನು ಮತ್ತು ಅಕ್ಕ ಸಿನೆಮಾದಲ್ಲಿದ್ದೆವು ಎಂದರೆ ಜನ ಮೊದಲು ಕೇಳುವುದು ಯಾವ ಪಾತ್ರ ಎಂದು. ನಮಗೆ ಪಾತ್ರವಿರಲಿಲ್ಲ. ಅರಮನೆಯಲ್ಲಿ ಚಾಮರ ಬೀಸುವವರು, ಮದುವೆಮನೆಯಲ್ಲಿ ಅಕ್ಷತೆ ಹಾಕುವವರು, ಬಾವಿಕಟ್ಟೆಯಲ್ಲಿ ನಾಯಕಿಯನ್ನು ನೋಡಿ ಪಿಸುಗುಟ್ಟುವವರು, ಯಜಮಾನ ಸತ್ತರೆ ಸೆರಗು ಬಾಯಿಗಿಟ್ಟು ಅಳುವವರು ನಾವು. ಹೆಸರು ಬರುವ ಹೊತ್ತಿಗೆ ಪರದೆಯ ಮೇಲೆ ಎಲ್ಲರ ಹೆಸರೂ ಬರುತ್ತಿತ್ತು, ಕುದುರೆ ಕೊಟ್ಟವನದ್ದು ಕೂಡ. ನಮ್ಮದು ಬರುತ್ತಿರಲಿಲ್ಲ. ಬರಬೇಕು ಎಂದು ನಮಗೂ ಅನಿಸಿರಲಿಲ್ಲ.

ಅಪ್ಪ ನಾಟಕ ಕಂಪನಿಯಲ್ಲಿದ್ದ. ಪರದೆಯ ಹಿಂದೆ ನಿಂತು ನಟರಿಗೆ ಮರೆತ ಮಾತು ಹೇಳಿಕೊಡುವುದು ಅವನ ಕೆಲಸ. ಕಂಪನಿ ಶಿಗ್ಗಾಂವಿಯಲ್ಲಿ ಬೀಡುಬಿಟ್ಟಿದ್ದಾಗ ಅಕ್ಕ ಹುಟ್ಟಿದಳು, ಹಿರೇಕೆರೂರಿನಲ್ಲಿದ್ದಾಗ ನಾನು. ನಾಟಕದ ಮಾತುಗಳನ್ನು ಓದಿಸಿಯೇ ಅಪ್ಪ ನಮ್ಮಿಬ್ಬರಿಗೂ ಅಕ್ಷರ ಕಲಿಸಿದ. ಕೊನೆಯ ಕ್ಯಾಂಪು ಅಕ್ಕಿಆಲೂರಿನದು. ಸಂತೆಯ ಬಯಲಿನಲ್ಲಿ ನಮ್ಮ ಟೆಂಟಿನ ಎದುರಿಗೇ ಸಿನೆಮಾ ಟೆಂಟು ಬಂತು. ಒಂದು ಮಳೆಗಾಲ ಕಳೆಯುವುದರೊಳಗೆ ನಮ್ಮದನ್ನು ಬಿಚ್ಚಿ ಮಾರಿದರು. ಅಪ್ಪ ಹೆಚ್ಚು ದಿನ ಉಳಿಯಲಿಲ್ಲ. ಅವ್ವ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರುವ ಕೆಲಸಕ್ಕೆ ಹೋದಳು.

ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದ ಮನುಷ್ಯನೊಬ್ಬ ಅಷ್ಟರಲ್ಲಿ ಮದ್ರಾಸು ಸೇರಿದ್ದ. ಅವನು ಹೆಂಡತಿಯೊಡನೆ ಅವ್ವನನ್ನು ಮಾತಾಡಿಸಲು ಬಂದವನು ನಮ್ಮನ್ನು ನೋಡಿ, ಅಲ್ಲಿ ಕನ್ನಡ ಚಿತ್ರಗಳ ಶೂಟಿಂಗು ನಡೆಯುತ್ತದೆ, ಕನ್ನಡ ಬಲ್ಲ ಹುಡುಗಿಯರು ಗುಂಪಿಗೆ ಬೇಕಾಗುತ್ತಾರೆ, ನನ್ನ ಮನೆಯಲ್ಲೇ ಇರಲಿ ಎಂದ. ಅವ್ವ ಬಹಳ ಅತ್ತಳು, ಆಮೇಲೆ ಒಪ್ಪಿದಳು. ಗಿರಣಿಯ ಧೂಳಿಗೆ ಅವಳಿಗೆ ಆಗಲೇ ಉಬ್ಬಸ ಶುರುವಾಗಿತ್ತು. ಅಕ್ಕನಿಗೆ ಇಪ್ಪತ್ತು ದಾಟಿತ್ತು, ನಾನು ಅವಳಿಗಿಂತ ಮೂರು ವರ್ಷ ಚಿಕ್ಕವಳು. ನಮ್ಮಿಬ್ಬರದೂ ಒಂದೇ ಅಚ್ಚು, ಬೆನ್ನು ತಿರುಗಿಸಿ ನಿಂತರೆ ಅವ್ವನೇ ಗುರುತು ತಪ್ಪುತ್ತಿದ್ದಳು.

ಮದ್ರಾಸಿನಲ್ಲಿ ಬೆಳಗಾಗುವ ಮೊದಲೇ, ಗುಂಪಿಗೆ ಜನ ಒದಗಿಸುವ ಏಜೆಂಟನ ಮನೆ ಮುಂದೆ ಸಾಲಾಗಿ ನಿಲ್ಲಬೇಕಿತ್ತು. ಅವನು ಹಲ್ಲುಜ್ಜುತ್ತ ಹೊರಗೆ ಬಂದು, ಬೆರಳು ತೋರಿಸಿ ಇವಳು, ಇವಳು ಎಂದು ಆರಿಸುತ್ತಿದ್ದ. ಬೆರಳು ಬಿದ್ದವರು ವ್ಯಾನು ಹತ್ತುವುದು, ಉಳಿದವರು ಮನೆಗೆ ಹೋಗುವುದು. ಸ್ಟುಡಿಯೋದಲ್ಲಿ ಕೊಡುವ ಸೀರೆ ಹಿಂದಿನ ದಿನ ಉಟ್ಟವಳ ಬೆವರಿಗೆ ಇನ್ನೂ ಹಸಿಯಾಗಿರುತ್ತಿತ್ತು. ಆಭರಣಗಳೆಲ್ಲ ಕಾಗದದ ರಟ್ಟಿಗೆ ಬಣ್ಣ ಬಳಿದವು, ದೀಪದ ಕಾವಿಗೆ ಅಂಟು ಕರಗಿ ಕೊರಳಿಗೆ ಹತ್ತುತ್ತಿತ್ತು. ಕ್ಯಾಮೆರಾ ನೋಡಬೇಡಿ ಎನ್ನುವುದೊಂದೇ ನಮಗೆ ಕಲಿಸಿದ ವಿದ್ಯೆ. ಕೆಲವರು ಬೇಕೆಂದೇ ನೋಡುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಅಕ್ಕ ಒಮ್ಮೆಯೂ ನೋಡಲಿಲ್ಲ. ಚಾಮರ ಬೀಸುವುದಾದರೂ ಆ ರಾಜನಿಗೆ ನಿಜವಾಗಿ ಸೆಖೆಯಾಗುತ್ತಿದೆ ಎನ್ನುವಂತೆ ಬೀಸುತ್ತಿದ್ದಳು.

ಅವಳಿಗೊಂದು ಆಸೆಯಿತ್ತು. ಒಂದೇ ಒಂದು ಮಾತು ಸಿಗಬೇಕು. ಅಪ್ಪ ಜೀವಮಾನವಿಡೀ ಪರದೆಯ ಹಿಂದೆ ನಿಂತು ಬೇರೆಯವರಿಗೆ ಮಾತು ಕೊಟ್ಟ, ನಾನು ಒಂದನ್ನಾದರೂ ಮುಂದೆ ನಿಂತು ಆಡಬೇಕು ಎನ್ನುತ್ತಿದ್ದಳು. ಅದು ಸಿಕ್ಕಿತು ಕೂಡ. ಒಂದು ಸಾಮಾಜಿಕ ಚಿತ್ರದಲ್ಲಿ ಮನೆಗೆಲಸದವಳಾಗಿ ಓಡಿಬಂದು 'ರಾಯರು ಬಂದರು' ಎನ್ನಬೇಕಿತ್ತು. ವಾರವಿಡೀ ಅವಳು ಅದನ್ನು ಮನೆಯಲ್ಲಿ, ಬಸ್ಸಿನಲ್ಲಿ, ನಲ್ಲಿಯ ಸರದಿಯಲ್ಲಿ ಹೇಳಿಕೊಂಡಳು. ಸೆಟ್ಟಿನಲ್ಲಿ ಮಾತೇನೋ ಸರಿಯಾಗಿ ಬಂತು, ಆದರೆ ಧಾಟಿ ನಮ್ಮ ಕಡೆಯದು. ನಿರ್ದೇಶಕರು ನಕ್ಕು, ಪರವಾಗಿಲ್ಲ, ಬೇರೆಯವರಿಂದ ಹೇಳಿಸೋಣ ಎಂದರಂತೆ. ನಮಗೆ ಅದರ ಅರ್ಥ ಆಗ ತಿಳಿಯಲಿಲ್ಲ. ಚಿತ್ರ ಹಾನಗಲ್ಲಿಗೆ ಬಂದಾಗ ಅವ್ವ ಗಿರಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ನೋಡಿದ್ದಳು. ನಾವು ಊರಿಗೆ ಬಂದಾಗ ಅಕ್ಕನ ಗಲ್ಲ ಹಿಡಿದು ಕೇಳಿದಳು.

"ಬಾಯಿ ನಿಂದs ಐತಿ. ದನಿ ಯಾರದವ್ವ ಅದು?"

ಅಕ್ಕ ನಕ್ಕಳು. ಆದರೆ ಆಮೇಲೆ ಮಾತಿನ ಪಾತ್ರದ ಸುದ್ದಿ ಎತ್ತಲಿಲ್ಲ.

ಐತಿಹಾಸಿಕ ಚಿತ್ರವೊಂದಕ್ಕೆ ದೊಡ್ಡ ಕೋಟೆ ಕಟ್ಟಿದ್ದರು. ಕಟ್ಟಿಗೆಯ ಅಟ್ಟ, ಅದರ ಮುಂದೆ ಗೋಣಿತಟ್ಟು ಮತ್ತು ಪ್ಲಾಸ್ಟರು. ದೂರದಿಂದ ನೋಡಿದರೆ ಕಲ್ಲುಗೋಡೆಯೇ. ನಾವು ಹೆಂಗಸರು ಅದರ ಮೇಲೆ ನಿಂತು, ಏಣಿ ಹತ್ತುವ ಶತ್ರುಗಳ ಮೇಲೆ ಕೊಡದಿಂದ ನೀರು ಸುರಿಯಬೇಕು. ಹೊಗೆ ಬಿಟ್ಟಿದ್ದರು. ಕುದಿಯುವ ನೀರಿನಂತೆ ಕಾಣಲಿ ಎಂದು. ಅಕ್ಕ ತುದಿಯಲ್ಲಿದ್ದಳು, ನಾನು ಅವಳಿಂದ ನಾಲ್ಕೈದು ಜನರಾಚೆ. ಚಿತ್ರೀಕರಣ ನಡೆಯುತ್ತಿರುವಾಗಲೇ ತುದಿಯ ಹಲಗೆ ಕಿತ್ತುಹೋಯಿತು. ಅಕ್ಕ ಕೊಡದ ಸಮೇತ ಕೆಳಗೆ ಹೋದಳು. ಅವಳ ಸೀರೆಯ ಕೆಂಪು ಹೊಗೆಯಲ್ಲಿ ಸರಿದದ್ದು ಮಾತ್ರ ನನಗೆ ಕಂಡಿತು. ಯಾರೂ ಕ್ಯಾಮೆರಾ ನಿಲ್ಲಿಸಲಿಲ್ಲ. ನಮ್ಮಲ್ಲೂ ಯಾರೂ ಕಿರುಚಲಿಲ್ಲ. ಶಾಟ್ ನಡುವೆ ಸದ್ದು ಮಾಡಬಾರದು ಎನ್ನುವುದು ಅಷ್ಟರಮಟ್ಟಿಗೆ ಮೈಗೆ ಹತ್ತಿಹೋಗಿತ್ತು.

ಬೆನ್ನುಮೂಳೆ ಮುರಿದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಸೊಂಟದ ಕೆಳಗೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ಅಂದು ಸಂಜೆ ಚಿತ್ರದ ಕಂಪನಿಯವರೊಬ್ಬರು ಹಣ್ಣಿನ ಬುಟ್ಟಿ ತಂದಿಟ್ಟು, ಎಲ್ಲ ಸರಿಹೋಗುತ್ತದೆ ಎಂದು ಹೋದರು. ಆಮೇಲೆ ನಾನು ಎಷ್ಟು ಸಲ ಆಫೀಸಿನ ಮುಂದೆ ನಿಂತರೂ ಉತ್ತರ ಒಂದೇ: ನಿಮ್ಮನ್ನು ಕರೆತಂದವನು ಏಜೆಂಟು, ಅವನನ್ನು ಕೇಳಿ. ಏಜೆಂಟು, ಗೋಡೆ ಕಟ್ಟಿದವನು ನಾನಲ್ಲವಲ್ಲ ಎಂದ. ಆ ದಿನ ಅಕ್ಕ ಅಲ್ಲಿ ಕೆಲಸಕ್ಕಿದ್ದಳು ಎನ್ನುವುದನ್ನೇ ಯಾರೂ ಒಪ್ಪಿಕೊಳ್ಳಲು ತಯಾರಿರಲಿಲ್ಲ.

ಆದರೆ ಅಕ್ಕ ಬಿದ್ದ ಮರುದಿನ ಮುಂಜಾನೆಯೇ ಉಡುಪಿನ ವಿಭಾಗದವನು ಆಸ್ಪತ್ರೆಗೆ ಬಂದ. ಅವನು ಬಂದದ್ದು ಸೀರೆಗಾಗಿ. ನರ್ಸು ಅದನ್ನು ಮಂಚದ ಕೆಳಗೆ ಮುದ್ದೆ ಮಾಡಿ ಇಟ್ಟಿದ್ದಳು. ಅವನು ಅದನ್ನು ಎತ್ತಿ ಝಾಡಿಸಿ, ಎಲ್ಲಿ ಹರಿದಿದೆ ಎಂದು ನೋಡಿದ. ಮನುಷ್ಯ ಕೆಟ್ಟವನಲ್ಲ, ತಲೆ ಎತ್ತಿ ನಮ್ಮ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ. ಬೀಳುವ ಶಾಟು ಬಹಳ ಚೆನ್ನಾಗಿ ಬಂದಿದೆ, ನಿರ್ದೇಶಕರು ಅದನ್ನು ಇಟ್ಟುಕೊಳ್ಳುತ್ತಾರೆ, ಬಿದ್ದವಳು ಎದ್ದು ಮತ್ತೆ ಕೊಡ ಹಿಡಿಯುವುದನ್ನು ಇಂದು ತೆಗೆಯಬೇಕು ಎಂದು ಹರಕು ಕನ್ನಡದಲ್ಲಿ ವಿವರಿಸಿದ. ತಂಗಿಯದೂ ಅದೇ ಮುಖ, ಅವಳು ಬಂದರೆ ಒಳ್ಳೆಯದು ಎಂದ.

ನಾನು ಬಾಗಿಲು ತೋರಿಸಿದೆ. ಅಕ್ಕ ದಿಂಬಿನ ಮೇಲಿಂದಲೇ ನನ್ನ ಕೈ ಹಿಡಿದುಕೊಂಡಳು.

"ಹೋಗು. ನೀ ಹೋಗದಿದ್ರ ಬ್ಯಾರೆ ಯಾರನ್ನೋ ಎಬ್ಬಸ್ತಾರ. ನಾ ಬಿದ್ದಲ್ಲೆ ಬ್ಯಾರೆದಾಕಿ ಏಳೂದು ಬ್ಯಾಡ ನಂಗ."

ನಾನು ಹೋದೆ. ಸೀರೆಯನ್ನು ಒಗೆದಿರಲಿಲ್ಲ, ಒಗೆದರೆ ಬಣ್ಣ ಬೇರೆ ಕಾಣುತ್ತದೆಂದು. ಅಕ್ಕ ಬಿದ್ದ ಜಾಗದಲ್ಲಿ ನನ್ನನ್ನು ಮಲಗಿಸಿ, ಕೂದಲು ಕೆದರಿ, ಕೆನ್ನೆಗೆ ಮಣ್ಣು ಬಳಿದರು. ಏಳು ಎಂದಾಗ ಎದ್ದೆ. ಸಿಟ್ಟು ಬೇಕು ಎಂದರು. ಅದೊಂದು ಮಾತ್ರ ನನ್ನಲ್ಲಿ ಬೇಕಾದಷ್ಟಿತ್ತು.

ಅವ್ವ ಅಷ್ಟರಲ್ಲಿ ಸವಣೂರಿನಲ್ಲಿ ತನ್ನ ತಂಗಿಯ ಮನೆಯ ಹಿಂದಿನ ಕೋಣೆಗೆ ಬಂದಿದ್ದಳು, ಎಲೆ ತೋಟದಲ್ಲಿ ಕೆಲಸ ಸಿಕ್ಕಿತ್ತು. ಅಕ್ಕನನ್ನು ರೈಲಿನಲ್ಲಿ, ಆಮೇಲೆ ಹಲಗೆಯ ಮೇಲೆ ಕಟ್ಟಿ ಟೆಂಪೋದಲ್ಲಿ, ಅಲ್ಲಿಗೆ ತಂದೆವು. ಎದುರುಮನೆಯವರು ವೀಳ್ಯದೆಲೆ ವ್ಯಾಪಾರದ ಮುಸಲ್ಮಾನರು. ಆ ಮನೆಯ ಸೊಸೆ ನನ್ನದೇ ವಯಸ್ಸಿನವಳು. ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ, ಓಣಿಯೆಲ್ಲ ಅವಳನ್ನು ಚಾಚಿ ಎನ್ನುತ್ತದೆ, ನಾನೂ ಹಾಗೇ ಎನ್ನುತ್ತೇನೆ. ಮೊದಲ ದಿನ ಅಕ್ಕನನ್ನು ಟೆಂಪೋದಿಂದ ಇಳಿಸಿದ ಕೈಗಳಲ್ಲಿ ಅವಳವೂ ಇದ್ದವು.

ಆ ಚಿತ್ರ ಹಾನಗಲ್ಲಿಗೆ ಬಂದಾಗ ಅಕ್ಕ ನೋಡಲೇಬೇಕೆಂದು ಹಟ ಹಿಡಿದಳು. ಚಾಚಿಯ ಮಾವ ಎಲೆ ಪೆಂಡಿ ಸಾಗಿಸುವ ಟೆಂಪೋ ಕೊಟ್ಟರು. ಮ್ಯಾಟಿನಿ ಆಟ. ಥೇಟರಿನ ಗೋಡೆಯ ಬದಿಗೆ ಹಾಸಿಗೆ ಹಾಸಿ ಮಲಗಿಸಿದೆವು, ಅವಳು ಪಕ್ಕಕ್ಕೆ ಹೊರಳಿ ನೋಡಿದಳು. ಕೋಟೆಯ ದೃಶ್ಯ ಬಂತು. ಅಕ್ಕ ಬಿದ್ದಳು. ಜನ ಅಯ್ಯೋ ಎಂದರು. ಮರುಕ್ಷಣ ಹೊಗೆಯೊಳಗಿಂದ ಅದೇ ಸೀರೆಯವಳು ಎದ್ದು ನಿಂತು ಕೊಡ ಎತ್ತಿಕೊಂಡಳು. ಥೇಟರು ಸಿಳ್ಳೆಯಿಂದ ತುಂಬಿಹೋಯಿತು. ಕುರ್ಚಿ ಬಡಿದರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಚೊಲೋ ಬಿದ್ದೇನಲ್ಲ?"

ಹೌದು ಎಂದೆ.

ಆಮೇಲಿನ ವರ್ಷಗಳನ್ನು ಬಿಡಿಸಿ ಹೇಳಲು ನನ್ನಿಂದ ಆಗದು, ಅವೆಲ್ಲ ಒಂದೇ ದಿನದಂತಿದ್ದವು. ಮಲಗಿದವರ ಮೈಯನ್ನು ಹೊತ್ತುಹೊತ್ತಿಗೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಎಷ್ಟು ಹೊರಳಿಸಿದರೂ ಆಗುತ್ತದೆ. ಅವ್ವ ಇರುವತನಕ ನಾನು ಆಗೀಗ ಬೆಂಗಳೂರಿಗೆ ಹೋಗಿ ಗುಂಪಿನಲ್ಲಿ ನಿಂತು ಬರುತ್ತಿದ್ದೆ. ಆಗ ಚಿತ್ರಗಳೆಲ್ಲ ಅಲ್ಲಿಗೆ ಬಂದಿದ್ದವು. ಸಂತೆಯಲ್ಲಿ ತರಕಾರಿ ಕೊಳ್ಳುವವಳು, ಕೋರ್ಟಿನಲ್ಲಿ ಕೂತವಳು, ಬಸ್ಸಿಗೆ ಕಾಯುವವಳು. ಅವ್ವ ಹೋದ ಮೇಲೆ ಅದೂ ನಿಂತಿತು. ನಡುವೆ ಹಿರೇಕೆರೂರಿನ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು. ಚಿಕ್ಕೇರೂರಿನಲ್ಲಿ ಸ್ವಂತ ಅಂಗಡಿ, ಹೆಂಡತಿ ತೀರಿಕೊಂಡಿದ್ದವರು. ಮನೆಗೆ ಬಂದು ಚಹಾ ಕುಡಿದರು, ಒಳಗಿನ ಮಂಚ ನೋಡಿದರು, ಅಕ್ಕನನ್ನು ಮರ್ಯಾದೆಯಿಂದಲೇ ಮಾತಾಡಿಸಿದರು. ಹೋದವರು ಮತ್ತೆ ಬರಲಿಲ್ಲ. ಅಕ್ಕ ಅಂದು ಊಟ ಬಿಟ್ಟಳು. ನನ್ನನ್ನು ಬಿಟ್ಟು ಹೋಗು, ಇಲ್ಲದಿದ್ದರೆ ಏನಾದರೂ ಕುಡಿಸು ಎಂದು ಗೋಡೆಗೆ ಮುಖ ಮಾಡಿ ಹೇಳಿದಳು. ನಾನು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿದೆ, ತಿಕ್ಕಿದ್ದನ್ನೇ ತಿಕ್ಕಿದೆ.

ಈಚೆಗೆ ಹಳೆಯ ಚಿತ್ರಗಳೆಲ್ಲ ಫೋನಿಗೆ ಬಂದವಲ್ಲ, ಚಾಚಿಯ ಸೊಸೆ ನಮ್ಮ ಚಿತ್ರವನ್ನೂ ಹುಡುಕಿ ತಂದಳು. ಅಕ್ಕನಿಗೆ ಖುಷಿಯಾಗಲಿ ಎಂದೇ. ಆದದ್ದು ಬೇರೆ. ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಮೂತ್ರದ ಸೋಂಕಿನಿಂದ ದೊಡ್ಡ ಜ್ವರ ಬಂತು. ಹಾವೇರಿಯ ಆಸ್ಪತ್ರೆಯಲ್ಲಿಟ್ಟು ಕರೆತಂದ ಮೇಲೆ ಜ್ವರ ಇಳಿಯಿತು, ಆದರೆ ಬುದ್ಧಿ ಮೊದಲಿನ ಜಾಗಕ್ಕೆ ಬರಲಿಲ್ಲ. ಅವ್ವ ಎಲ್ಲಿ ಎಂದು ಕೇಳುವಳು. ಏಜೆಂಟನ ಮನೆಗೆ ಹೊತ್ತಾಯಿತು, ಸೀರೆ ಕೊಡು ಎನ್ನುವಳು. ಚಾಚಿಯ ಸೊಸೆ ಫೋನಿನಲ್ಲಿ ಕೋಟೆಯ ದೃಶ್ಯ ಹಾಕಿದರೆ ಅಕ್ಕ ಸುಮ್ಮನಾಗುತ್ತಾಳೆ ಎಂದು ಪದೇಪದೇ ಹಾಕಿ ತೋರಿಸಿದೆವು. ಒಂದು ದಿನ ಅದನ್ನು ನೋಡಿ ಮುಗಿಸಿ ನನ್ನ ಕಡೆ ಕಣ್ಣು ತಿರುಗಿಸಿದಳು. ಆ ನೋಟದಲ್ಲಿ ಸಂಶಯವಿತ್ತು.

"ಅವತ್ತ ಎದ್ದೇನಲ್ಲ ನಾ. ಈಗ ಯಾಕ ಏಳಾಕ ಆಗವಲ್ದು? ನೀ ಏನ್ ಮಾಡಿ ನಂಗ?"

ನಾನು ಮೊದಲು ನಕ್ಕೆ. ಅವಳು ಬಿಡಲಿಲ್ಲ. ಅಂದಿನಿಂದ ಪ್ರತಿದಿನ ಅದೇ. ನಾನೇ ಅವಳನ್ನು ಮಲಗಿಸಿಟ್ಟಿದ್ದೇನೆ, ಮಾತ್ರೆ ಕೊಟ್ಟು ಕಾಲು ಸಾಯಿಸಿದ್ದೇನೆ, ಅವಳ ಪಾತ್ರಗಳಿಗೆಲ್ಲ ನಾನು ಹೋಗಿ ಬರುತ್ತಿದ್ದೇನೆ ಎಂದು ಓಣಿಗೆ ಕೇಳುವಂತೆ ಹೇಳುವಳು. ಮಾತ್ರೆ ಉಗುಳುವಳು. ಗಂಜಿ ಕುಡಿಸಲು ಹೋದ ನನ್ನ ಕೈ ಕಚ್ಚಿದಳು. ಕೈಗಳಲ್ಲಿ ಮಾತ್ರ ಅವಳಿಗೆ ಶಕ್ತಿಯಿತ್ತು. ಮಂಚದ ಪಟ್ಟಿ ಹಿಡಿದು ಮೈಯನ್ನು ಎಳೆದು ಎಳೆದು ಒಂದು ಮುಂಜಾನೆ ನಾನು ನೀರು ಹಿಡಿಯುತ್ತಿದ್ದಾಗ ಕೆಳಗೆ ಬಿದ್ದಳು. ನಾನು ಓಡಿಬಂದಾಗ ನೆಲದ ಮೇಲೆ ಅಂಗಾತ ಬಿದ್ದು, ಏಳು ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದವಳಂತೆ ಸೂರು ನೋಡುತ್ತಿದ್ದಳು.

ನನಗೆ ಎಪ್ಪತ್ತು ದಾಟಿದೆ. ಅವಳನ್ನು ಒಬ್ಬಳೇ ಎತ್ತಲು ಆಗಲಿಲ್ಲ. ಅವಳ ಪಕ್ಕದಲ್ಲೇ ಕುಳಿತುಬಿಟ್ಟೆ. ಚಾಚಿ ಬಂದು ನೋಡಿದಾಗ ನಾನು ಹೇಳಿದ್ದು ನೆನಪಿದೆ: ನಮ್ಮಿಬ್ಬರನ್ನೂ ಒಟ್ಟಿಗೆ ಒಯ್ಯುವಂತೆ ಅಲ್ಲಾನಿಗೆ ಹೇಳು, ನಮ್ಮ ದೇವರಿಗೆ ನಾನು ಹೇಳಿ ಸಾಕಾಗಿದೆ. ಚಾಚಿ ಮಗ ಸೊಸೆಯನ್ನು ಕೂಗಿದಳು, ಎಲ್ಲರೂ ಸೇರಿ ಅಕ್ಕನನ್ನು ಎತ್ತಿದರು. ಆಮೇಲೆ ನನ್ನನ್ನು ತನ್ನ ಮನೆಗೆ ಕಳಿಸುತ್ತ, "ನೀ ಸ್ವಲ್ಪ ಅಡ್ಡಾಗು. ಇಲ್ಲೆ ನಾ ಕುಂದರ್ತೇನಿ" ಎಂದಳು. ನಾನು ಅಲ್ಲಿ ಎಲೆಯ ಪೆಂಡಿಗಳ ನಡುವೆ ಗೋಣಿಯ ಮೇಲೆ ಸಂಜೆಯವರೆಗೆ ನಿದ್ದೆ ಹೋದೆ.

ಎದ್ದಾಗ ಒಂದು ನಿರ್ಧಾರ ಮಾಡಿಕೊಂಡಿದ್ದೆ. ನಿಜವನ್ನು ಹೇಳಿಬಿಡುವುದು. ಇಷ್ಟು ದಿನ ಅವಳಿಗೆ ಹೂಂ ಎನ್ನುತ್ತ, ಆಯಿತು ನಾಳೆ ಏಳುವಿಯಂತೆ ಎನ್ನುತ್ತ ಬಂದದ್ದೇ ತಪ್ಪು ಎನ್ನಿಸಿತ್ತು. ಮರುದಿನ ಮಧ್ಯಾಹ್ನ ಅವಳ ತಲೆ ಬಾಚಿ, ದಿಂಬು ಎತ್ತರಿಸಿ, ಫೋನು ತರಿಸಿದೆ. ಚಾಚಿಯ ಸೊಸೆಗೆ ಅಕ್ಕ ಬೀಳುವಲ್ಲಿ ನಿಲ್ಲಿಸಲು ಹೇಳಿದೆ. ಇದು ನೀನು ಎಂದು ಬೆರಳಿಟ್ಟು ತೋರಿಸಿದೆ. ಆಮೇಲೆ ಏಳುವಲ್ಲಿ ನಿಲ್ಲಿಸಲು ಹೇಳಿದೆ. ಮುಖ ತೀರ ಸ್ಪಷ್ಟವಿರಲಿಲ್ಲ, ಆದರೆ ಹುಬ್ಬಿನ ಮೇಲಿನ ನನ್ನ ಮಚ್ಚೆ ಕಾಣುತ್ತಿತ್ತು. ಅದನ್ನು ಫೋನಿನಲ್ಲಿ ತೋರಿಸಿ, ನನ್ನ ಮುಖದ ಮೇಲೂ ತೋರಿಸಿದೆ. ಆಸ್ಪತ್ರೆಗೆ ಸೀರೆ ಕೇಳಿಕೊಂಡು ಬಂದವನನ್ನು ನೆನಪಿಸಿದೆ.

"ಎದ್ದಾಕಿ ನಾನು, ಅಕ್ಕ. ನೀನs ಹೋಗು ಅಂದಿದ್ದಿ."

ಅವಳು ಬಹಳ ಹೊತ್ತು ನೋಡಿದಳು. ಕಣ್ಣಿನ ಮುಸುಕು ಸರಿದದ್ದು ನನಗೆ ಕಂಡಿತು. ಆ ಕ್ಷಣಕ್ಕೆ ಅವಳು ನನ್ನ ಹಳೆಯ ಅಕ್ಕನೇ.

"ಹಂಗಂದ್ರ ನಾ ಇನ್ನೂ ಅಲ್ಲೇ ಬಿದ್ದೇನೇನು?" ಎಂದಳು.

ಚಾಚಿಯ ಸೊಸೆ ಫೋನು ಮುಚ್ಚಿ ಹೊರಗೆ ಹೋದಳು. ನಾನು ಅಕ್ಕನ ತಲೆಯನ್ನು ಎದೆಗೊತ್ತಿಕೊಂಡೆ. ಇಲ್ಲೇ ಇದ್ದೀಯ, ಸವಣೂರಿನಲ್ಲಿ, ನನ್ನ ಹತ್ತಿರ ಎಂದು ಮತ್ತೆ ಮತ್ತೆ ಹೇಳಿದೆ. ಅಂದಿನಿಂದ ನನ್ನ ಮೇಲೆ ಆಪಾದನೆ ನಿಂತಿತು, ಕಚ್ಚುವುದು ನಿಂತಿತು. ಜತೆಗೇ ಊಟವೂ ನಿಂತಿತು. ಚಮಚ ತುಟಿಗಿಟ್ಟರೆ ಬಾಯಿ ತೆರೆಯದೆ, ಸಿಟ್ಟಿಲ್ಲದೆ ನನ್ನನ್ನೇ ನೋಡುವಳು. ಡಾಕ್ಟರು ಮನೆಗೆ ಬಂದು ನೋಡಿ, ಮೂಗಿನಿಂದ ನಳಿಕೆ ಹಾಕಬಹುದು, ಆದರೆ ಅವರಿಗೆ ಬೇಡವೆಂದು ಕಾಣುತ್ತದೆ ಎಂದರು. ಯುಗಾದಿಯ ಮೊದಲಿನ ವಾರ, ಹಗಲು ಹೊತ್ತಿನಲ್ಲೇ, ನಾನು ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಹೋದಳು. ಕಾಲಿನಲ್ಲಿ ನನಗೇನೂ ವ್ಯತ್ಯಾಸ ತಿಳಿಯಲಿಲ್ಲ. ಮುಖ ನೋಡಿದಾಗಲೇ ಗೊತ್ತಾಯಿತು.

ನಾನು ಅಂದು ಸುಮ್ಮನಿದ್ದಿದ್ದರೆ ಅವಳು ಇನ್ನೂ ಕೆಲವು ದಿನ ನನ್ನನ್ನು ಬೈಯುತ್ತ ಬದುಕಿರುತ್ತಿದ್ದಳೇ ಎಂದು ಕೇಳಿಕೊಳ್ಳುತ್ತೇನೆ. ಚಾಚಿ, ಸುಳ್ಳಿನೊಳಗೆ ಬಿಟ್ಟು ಕಳಿಸುವುದಕ್ಕಿಂತ ಇದೇ ಮೇಲು ಎನ್ನುತ್ತಾಳೆ. ಅವಳು ಹೇಳಿದಾಗ ನಿಜವೆನಿಸುತ್ತದೆ, ಮನೆಗೆ ಬಂದರೆ ಅನಿಸುವುದಿಲ್ಲ.

ಮಂಚ ಖಾಲಿಯಾಗಿ ನಿಂತಿತು. ತಲೆಯ ಕಡೆ ಎತ್ತರಿಸಲು ಬರುವ ಕಬ್ಬಿಣದ ಮಂಚ ಅದು. ತಿಳವಳ್ಳಿಯಲ್ಲಿ ಚಿಕ್ಕಮ್ಮನ ಮೊಮ್ಮಗಳನ್ನು ಕೊಟ್ಟ ಮನೆಯಲ್ಲಿ ಅತ್ತೆಗೆ ಲಕ್ವಾ ಹೊಡೆದು ಮಲಗಿದ್ದಾರೆಂದು ತಿಳಿದು, ಮಳೆಗಾಲ ಹಿಡಿಯುವ ಮೊದಲು ಗೂಡ್ಸ್ ಆಟೋದಲ್ಲಿ ಅದನ್ನು ಹೇರಿಕೊಂಡು ನಾನೇ ಹೋದೆ. ಮನೆಯ ಸುತ್ತ ಗದ್ದೆ ಹದಗೊಳಿಸಿದ್ದರು. ಅತ್ತೆ ನೆಲದ ಮೇಲಿನ ಹಾಸಿಗೆಯಲ್ಲಿದ್ದರು, ಒಂದು ಕಡೆಯ ಮುಖ ಜೋತುಬಿದ್ದಿತ್ತು, ಕಣ್ಣು ಚುರುಕಾಗಿತ್ತು. ಹುಡುಗಿಗೆ ಮಂಚದ ಹಿಡಿಕೆ ತಿರುಗಿಸುವುದನ್ನು ತೋರಿಸಿದೆ. ಮೊಣಕಾಲು ಮಡಚಿ, ಭುಜ ಮತ್ತು ಸೊಂಟಕ್ಕೆ ಕೈಕೊಟ್ಟು, ಉಸಿರು ಬಿಡುತ್ತ ಒಂದೇ ಸಲ ಹೊರಳಿಸುವುದನ್ನು ಹೇಳಿಕೊಟ್ಟೆ. ಅವಳು ಒಂದು ಸಲ ತಪ್ಪಿದಳು, ಎರಡನೆಯ ಸಲ ಸರಿಯಾಗಿ ಮಾಡಿದಳು. ಅತ್ತೆಯ ಬಾಯಿಂದ ಏನೋ ಸದ್ದು ಬಂತು, ನೋವಿನದಲ್ಲ.

ಹೊರಗೆ ಕಟ್ಟೆಯ ಮೇಲೆ ಕುಳಿತಾಗ ಹುಡುಗಿ ಕೈ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದಳು.

"ದಿನಾ ಮಾಡ್ತಾ ಮಾಡ್ತಾ ಸರಳ ಆಗ್ತದೇನ್ರಿ ಅಜ್ಜಿ?"

ಅವಳಿಗೆ ಇಪ್ಪತ್ತೈದು ಇರಬಹುದು. ನಿಜ ಹೇಳಿದ್ದರ ಫಲ ಒಮ್ಮೆ ಕಂಡವಳು ನಾನು, ಕುಡಿಯಲು ನೀರು ಕೇಳಿದೆ. ಅವಳು ತರಲು ಒಳಗೆ ಹೋದಳು. ತಂಬಿಗೆ ಕೈಗೆ ಬಂದಾಗಲೂ ಅವಳು ಉತ್ತರಕ್ಕೆ ಕಾಯುತ್ತಲೇ ನಿಂತಿದ್ದಳು.